ಸಾಕವ್ವನಿಗೆ ಯಾವ ಪ್ರಶಸ್ತಿ ಬಂತು?

ಉಮಾಶ್ರೀ ಅವರ ಪ್ರಶಸ್ತಿಗಳ ಪಟ್ಟಿ ಯಾರು ಬರೆದರೂ ಮೊದಲ ಸಾಲಿನಲ್ಲಿ ಬರೋದು ಒಂದೇ: ‘ಗುಲಾಬಿ ಟಾಕೀಸ್’, 2007ನೇ ಸಾಲಿನ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ, ಶ್ರೇಷ್ಠ ನಟಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರಿದೆ. ಸಾಕವ್ವ. ಇವತ್ತಿನ ಬರಹ ಅವಳ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಲೆಕ್ಕ ನೋಡೋಣ. ಕನ್ನಡ ಸಿನಿಮಾದ ಪಾತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದಿರೋದು ಮೂರೇ ಸಲ. 1973ರ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರ ‘ಹಸೀನಾ’ಕ್ಕೆ ತಾರಾ, ಆಮೇಲೆ ಉಮಾಶ್ರೀ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 31 ವರ್ಷ.

1973 ನಮಗೆ ಬೇರೆ ಕಾರಣಕ್ಕೂ ನೆನಪಿರಬೇಕು. ಅದೇ ವರ್ಷ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಿದ್ದಕ್ಕೆ ರಾಜ್ಯ ಹತ್ತಿ ಉರಿದು, ಮಂತ್ರಿಗಿರಿ ಬಿಡಬೇಕಾಯ್ತು. ಅಲ್ಲಿಂದಲೇ ನಮ್ಮ ಹುಡುಗರು ಒಂದಾಗಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಈ ಕಥೆಯಲ್ಲಿ ನಮ್ಮವರ ಬದುಕು ಎಲ್ಲಿದೆ, ನಮ್ಮ ಹೆಂಗಸರು ಎಲ್ಲಿದಾರೆ ಅಂತ ಕೇಳೋಕೆ ಶುರು ಮಾಡಿದ್ದೂ ಆ ಕಾಲದಲ್ಲೇ.

1975ರಲ್ಲಿ ‘ಚೋಮನ ದುಡಿ’ ಬಂತು. ಹೊಲೆಯ ಚೋಮನ ಕಥೆಗೆ ದೇಶದ ಶ್ರೇಷ್ಠ ಚಿತ್ರ ಅಂತ ಸ್ವರ್ಣ ಕಮಲ, ಚೋಮನಾಗಿದ್ದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ. ಅಪ್ಪನ ಸಾಲ ತೀರಿಸೋಕೆ ತೋಟಕ್ಕೆ ದುಡಿಯಲು ಹೋಗಿ ಮೈಯನ್ನೂ ಒಪ್ಪಿಸಬೇಕಾದವಳು ಮಗಳು ಬೆಳ್ಳಿ. ಆ ಪಾತ್ರ ಮಾಡಿದ್ದು ಪದ್ಮಾ ಕುಮಟಾ. ಆ ವರ್ಷದ ಶ್ರೇಷ್ಠ ನಟಿ ಪ್ರಶಸ್ತಿ ‘ಮೌಸಮ್’ ಚಿತ್ರಕ್ಕಾಗಿ ಶರ್ಮಿಳಾ ಟ್ಯಾಗೋರ್ ಅವರಿಗೆ ಹೋಯ್ತು. ಶರ್ಮಿಳಾ ಅವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚೋಮನ ದುಃಖ ದೇಶಕ್ಕೆ ಕಂಡಷ್ಟು ಬೆಳ್ಳಿಯ ದುಃಖ ಕಾಣಲಿಲ್ಲ.

ಈಗ ಸಾಕವ್ವನ ಹತ್ತಿರ ಬರೋಣ. ದೇವನೂರ ಮಹಾದೇವ ಅವರ ‘ಒಡಲಾಳ’ ಓದದವರು ನಮ್ಮಲ್ಲಿ ಕಡಿಮೆ. ಕಳೆದುಹೋದ ಹುಂಜವನ್ನು ಹುಡುಕುವ ಮುದುಕಿ. ಸಾಹುಕಾರ ಎತ್ತಪ್ಪನ ಕಡಲೆಕಾಯಿ ಆ ಮನೆಗೆ ಬರುತ್ತೆ, ಇಡೀ ಸಂಸಾರ ರಾತ್ರಿ ಕೂತು ತಿಂದು ಮುಗಿಸುತ್ತೆ, ಬೆಳಗ್ಗೆ ಪೊಲೀಸು. ಇಷ್ಟೇ ಕಥೆ. ಆದರೆ ಆ ರಾತ್ರಿಯಲ್ಲಿ ನಮ್ಮ ಕೇರಿಯ ಹಸಿವೂ ಇದೆ, ನಗುವೂ ಇದೆ. ಇದನ್ನು ರಂಗಕ್ಕೆ ತಂದವರು ಸಿಜಿಕೆ. ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟು ಕೊಂದಾಗ ಅದನ್ನೇ ಬೀದಿನಾಟಕ ಮಾಡಿ ರಾಜ್ಯಕ್ಕೆ ತೋರಿಸಿದ ಅದೇ ಸಿಜಿಕೆ. ಸಾಕವ್ವ ಆದವರು ಉಮಾಶ್ರೀ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಹೆಣ್ಣುಮಗಳು, ಇನ್ನೂ ಚಿಕ್ಕ ವಯಸ್ಸು. ಬೆನ್ನು ಬಗ್ಗಿಸಿ, ದನಿ ಒಡೆಸಿಕೊಂಡು ಮುದುಕಿಯಾದರು. ಆ ಸಾಕವ್ವನನ್ನು ಕಂಡವರು ಇವತ್ತಿಗೂ ಅದರ ಮಾತೇ ಆಡ್ತಾರೆ. ನಮ್ಮಜ್ಜಿಯರ ಮಾತು, ನಮ್ಮಜ್ಜಿಯರ ಬೈಗುಳ ಅಷ್ಟು ಘನತೆಯಿಂದ ರಂಗದ ಮೇಲೆ ನಿಂತಿತ್ತು.

ಸಿನಿಮಾದಲ್ಲಿ ಏನಾಯ್ತು? 1984ರಲ್ಲಿ ಕಾಶೀನಾಥ್ ಅವರ ‘ಅನುಭವ’. ಆಮೇಲೆ ವರ್ಷಗಟ್ಟಲೆ ಹಾಸ್ಯ, ಡಬಲ್ ಮೀನಿಂಗು. ರಾಜಾಜಿನಗರದ ನವರಂಗ್, ಮಾಗಡಿ ರೋಡಿನ ಪ್ರಸನ್ನ, ವೀರೇಶ್ ಕಡೆ ಸಿನಿಮಾ ನೋಡಿ ಬೆಳೆದ ನಮಗೆಲ್ಲ ಉಮಾಶ್ರೀ ಅಂದ್ರೆ ನಗು. ಆ ನಗು ಯಾರನ್ನು ನೋಡಿ ಅಂತ ಯೋಚಿಸಿ. ಕೆಲಸದವಳು, ಸಂತೆಯವಳು, ಬಾಯಿಬಡುಕಿ. ಕಾಮಾಕ್ಷಿಪಾಳ್ಯದಲ್ಲಿ ಬೆಳಗ್ಗೆ ನೀರಿನ ಸಾಲಲ್ಲಿ ನಿಂತು ಜಗಳ ಆಡ್ತಿದ್ದ ನಮ್ಮವ್ವಂದಿರ ಮಾತು ಅದು. ಸಾಕವ್ವನ ಬಾಯಲ್ಲಿ ಘನತೆಯಾಗಿದ್ದ ಮಾತು ಸಿನಿಮಾದಲ್ಲಿ ಗೇಲಿಯಾಯ್ತು. ಆ ಸಂಭಾಷಣೆ ಬರೆದವರು ಉಮಾಶ್ರೀ ಅಲ್ಲ, ಅವರು ಅನ್ನಕ್ಕಾಗಿ ದುಡಿದವರು. ಅವರನ್ನು ದೂರೋದು ನನಗೆ ಬೇಡ. ಬರೆಸಿದವರನ್ನ, ನಕ್ಕ ನಮ್ಮನ್ನ ಕೇಳ್ಕೋಬೇಕು.

ನಡುವೆ ಕುಂ. ವೀರಭದ್ರಪ್ಪನವರ ಕಥೆಯ ‘ಕೊಟ್ರೇಶಿ ಕನಸು’ ಬಂತು. ದಲಿತ ಹುಡುಗನ ಓದಿನ ಆಸೆಯ ಕಥೆ, ಉಮಾಶ್ರೀ ಅದರಲ್ಲೂ ಇದ್ದರು. ಆ ಸಾಲಿನ ಶ್ರೇಷ್ಠ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದಿದ್ದು ಸಿನಿಮಾಕ್ಕೆ.

ಕೊನೆಗೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆ, ಕುಂದಾಪುರ ಕಡೆಯ ಕಡಲತೀರ, ಹೆರಿಗೆ ಮಾಡಿಸುವ ಮುಸ್ಲಿಂ ಹೆಂಗಸು ಗುಲಾಬಿ. ಅವಳ ಮನೆಗೆ ಬಂದ ಟಿವಿ ಮುಂದೆ ಊರ ಹೆಂಗಸರು ಕೂರ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಊರಿಗೆ ಅವಳು ಬೇಡವಾಗ್ತಾಳೆ. ಆ ವರ್ಷದ ಶ್ರೇಷ್ಠ ನಟ ನಮ್ಮ ಪ್ರಕಾಶ್ ರೈ, ‘ಕಾಂಚೀವರಂ’ನ ನೇಕಾರನ ಪಾತ್ರಕ್ಕೆ. ಕನ್ನಡ ರಂಗಭೂಮಿಯಲ್ಲಿ ಪಳಗಿದ ಇಬ್ಬರು ಒಂದೇ ವರ್ಷ ದೇಶದ ಶ್ರೇಷ್ಠರಾದರು. ದೆಹಲಿಗೆ ಗುಲಾಬಿ ಕಂಡಳು. ನನಗೆ ಗುಲಾಬಿಯ ಹಿಂದೆ ಸಾಕವ್ವ ಕಂಡಳು. ಮೈಯಲ್ಲೇ ಬಡತನ ಹೇಳುವ ಆ ವಿದ್ಯೆ ಸಿನಿಮಾ ಕಲಿಸಿದ್ದಲ್ಲ, ಒಡಲಾಳ ಕಲಿಸಿದ್ದು.

ಆಮೇಲೆ ಉಮಾಶ್ರೀ ತೇರದಾಳದಿಂದ 2013ರಲ್ಲಿ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅದೂ ದುಡಿದು ಪಡೆದದ್ದೇ. ನನಗೆ ಖುಷಿ ಇದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತೆ. ನಮ್ಮ ಕಥೆಗೆ ಪ್ರಶಸ್ತಿ ಬರುತ್ತೆ, ನಮ್ಮ ಮಾತಿಗೆ ಚಪ್ಪಾಳೆ ಬರುತ್ತೆ. ನಮ್ಮ ಹೆಣ್ಣುಮಕ್ಕಳು ವೇದಿಕೆ ಹತ್ತೋದು ಯಾವಾಗ? ಪಕ್ಕದ ಕೇರಳ ನೋಡಿ. ಮಲಯಾಳದ ಮೊದಲ ಸಿನಿಮಾ ‘ವಿಗತಕುಮಾರನ್’. ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಅಂತ ಅವಳನ್ನು ಊರು ಬಿಡಿಸಿದರು. ಆ ಚಿತ್ರ ಮಾಡಿದ ಜೆ.ಸಿ. ಡೇನಿಯಲ್ ಹೆಸರಲ್ಲಿ ಇವತ್ತು ಕೇರಳ ಸರ್ಕಾರ ಸಿನಿಮಾದ ದೊಡ್ಡ ಪ್ರಶಸ್ತಿ ಕೊಡುತ್ತೆ. ನಾಯಕಿಯ ಹೆಸರು ನೆನಪಿಸೋಕೆ ಹೋರಾಟಗಾರರೇ ಬರಬೇಕಾಯ್ತು.

ನಮ್ಮ ಬಡಾವಣೆಯಲ್ಲೂ ಇದೇ ನೋಡ್ತಿದೀನಿ. ಒಂದು ರಾಜ್ಯೋತ್ಸವದಲ್ಲಿ ಮೆರವಣಿಗೆ ಪೂರ್ತಿ ತಮಟೆ ಬಡಿದ ನಮ್ಮ ಹುಡುಗಿಯರು ವೇದಿಕೆ ಕೆಳಗೇ ನಿಂತಿದ್ದರು. ಶಾಲು ಹೊದಿಸಿದ್ದು ಕಾರಲ್ಲಿ ಬಂದವರಿಗೆ.

ಅದಕ್ಕೆ ಒಂದು ಮಾತು ಮುಂದಿಡ್ತೀನಿ. ಈ ಸಲ ಏಪ್ರಿಲ್ 14ಕ್ಕೆ ಆರ್ಕೆಸ್ಟ್ರಾ ಬೇಡ. ‘ಒಡಲಾಳ’ ಆಡಿಸೋಣ. ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿಯ ನಮ್ಮ ಹೆಣ್ಣುಮಕ್ಕಳೇ ಆಡಲಿ, ಗಾರ್ಮೆಂಟ್ಸಿಗೆ ಹೋಗುವವರು, ಪೌರಕಾರ್ಮಿಕರು, ಕಾಲೇಜಿನವರು. ಸಂಜೆ ಆರರ ಮೇಲೆ ತಾಲೀಮು. ಉಮಾಶ್ರೀ ಅವರನ್ನೂ ಕರೆಯೋಣ, ನೋಡೋಕೆ, ತಿದ್ದೋಕೆ. ಸಾಕವ್ವನಿಗೆ ನಾವು ಕೊಡಬಹುದಾದ ಪ್ರಶಸ್ತಿ ಇದೊಂದೇ. ನಿಮ್ಮ ಬೀದಿಯಲ್ಲಿ ಯಾರು ಸಾಕವ್ವ ಆಗಬಲ್ಲರು, ಅವರನ್ನು ಕೇಳಿ ಕೆಳಗೆ ಹೆಸರು ಬರೀರಿ.

ಜೈ ಭೀಮ್.