ಹೆರಿಗೆಯ ಹೊತ್ತಿನ ಕರುಳು: ತಾಯಿ ಹಂದಿಯ ಸೂಕ್ಷ್ಮಾಣುಗಳು ಮತ್ತು ಸತ್ತು ಹುಟ್ಟುವ ಮರಿಗಳು

ತಾಯಿ ಹಂದಿಯ ಸೂಕ್ಷ್ಮಾಣುಗಳಿಗೂ ಸಂತಾನಶಕ್ತಿಗೂ ಇರುವ ನಂಟನ್ನು ಹುಡುಕುವ ಅಧ್ಯಯನಗಳು ಹೆಚ್ಚಾಗಿ ಒಂದೇ ಜಾಡು ಹಿಡಿದಿವೆ. ಹೆಚ್ಚು ಮರಿ ಹಾಕಿದವು, ಕಡಿಮೆ ಹಾಕಿದವು ಎಂದು ಹಂದಿಗಳನ್ನು ಬೇರ್ಪಡಿಸಿ, ಮಲದಲ್ಲಿನ ಬ್ಯಾಕ್ಟೀರಿಯಾಗಳ ಜೀನ್ ಓದಿ, ಯಾವ ಕುಲ ಎಲ್ಲಿ ಹೆಚ್ಚಿದೆಯೆಂದು ಪಟ್ಟಿ ಮಾಡುತ್ತವೆ. ಆದರೆ ಮೇವು, ತಳಿ, ಎಷ್ಟನೆಯ ಸೂಲು ಎಂಬುದು ಕರುಳಿನ ಸಮುದಾಯವನ್ನೂ ಮರಿಗಳ ಸಂಖ್ಯೆಯನ್ನೂ ಒಟ್ಟಿಗೇ ಬದಲಿಸುತ್ತವೆ. ಹೀಗಾಗಿ ಇಂಥ ಪಟ್ಟಿಗಳಿಂದ ಕಾರಣ ತಿಳಿಯದು. ಕಾರಣದ ಎಳೆ ನನಗೆ ಗಟ್ಟಿಯಾಗಿ ಕಾಣುವುದು ಗಬ್ಬದ ಕೊನೆಯ ಎರಡು ವಾರಗಳಲ್ಲಿ, ಅದೂ ದೊಡ್ಡ ಕರುಳಿನಲ್ಲಿ.

ಹಂದಿಯ ಗಬ್ಬ ಸುಮಾರು 114 ದಿನ. ಹೆಚ್ಚು ಮರಿಗಳಿಗಾಗಿ ಆಯ್ದು ಬೆಳೆಸಿದ ಡೆನ್ಮಾರ್ಕಿನ ತಳಿಗಳಲ್ಲಿ ಹೆರಿಗೆ ಗಂಟೆಗಟ್ಟಲೆ ನಡೆಯುತ್ತದೆ. ಅಷ್ಟು ಹೊತ್ತೂ ಗರ್ಭಕೋಶ ಹಿಂಡುತ್ತಲೇ ಇರಬೇಕು. ಅದು ದಣಿದರೆ ಕೊನೆಯ ಮರಿಗಳು ಆಮ್ಲಜನಕ ಸಾಲದೆ ಸಾಯುತ್ತವೆ. ಅಲ್ಲಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇವು ತಿಂದ ಮೂರು ಗಂಟೆಯೊಳಗೆ ಹೆರಿಗೆ ಆರಂಭವಾದ ಹಂದಿಗಳು ಸುಮಾರು ನಾಲ್ಕು ಗಂಟೆಯಲ್ಲಿ ಎಲ್ಲ ಮರಿಗಳನ್ನೂ ಹಾಕಿದವು. ಆರು ಗಂಟೆ ಮೀರಿದ್ದವಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಹೊತ್ತು ಹಿಡಿಯಿತು. ಸಣ್ಣ ಕರುಳಿನಿಂದ ಬರುವ ಗ್ಲೂಕೋಸ್ ಅಷ್ಟರಲ್ಲಿ ತೀರಿರುತ್ತದೆ.

ಸೂಕ್ಷ್ಮಾಣುಗಳ ಕೆಲಸ ಮುಖ್ಯವಾಗುವುದು ಇಲ್ಲೇ. ನಾರನ್ನು ಜೀರ್ಣಿಸುವ ಕಿಣ್ವಗಳು ಹಂದಿಗೆ ಸ್ವಂತವಾಗಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್‌ಗಳಾಗಿ ಒಡೆಯುತ್ತವೆ. ಶಕ್ತಿ ಕೊಡುವ ಈ ಕೊಬ್ಬಿನಾಮ್ಲಗಳು ಊಟವಾಗಿ ಬಹಳ ಹೊತ್ತಿನ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತವೆ. ಆರ್ಹುಸ್‌ನ ಅದೇ ಗುಂಪು 2017ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಗಬ್ಬದ ಕೊನೆಯಲ್ಲಿ ನಾರು ಹೆಚ್ಚಿಸಿದಾಗ ಸತ್ತು ಹುಟ್ಟಿದ ಮರಿಗಳ ಪ್ರಮಾಣ ಶೇ. 8.8ರಿಂದ 6.6ಕ್ಕೆ ಇಳಿಯಿತು. ಬದಲಾದದ್ದು ಮೇವು, ನಿಜ. ಆದರೆ ನಾರಿನಿಂದ ದಕ್ಕಿದ ಶಕ್ತಿಯೆಲ್ಲ ಸೂಕ್ಷ್ಮಾಣುಗಳ ಮೂಲಕವೇ ಬರಬೇಕು, ಬೇರೆ ದಾರಿಯಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ನಾರು ನೀರು ಹಿಡಿದು ಮಲವನ್ನು ಮೆತ್ತಗೆ ಮಾಡುತ್ತದೆ. ಮಲ ಕಟ್ಟಿದ ಕರುಳು ಜನನಮಾರ್ಗವನ್ನೇ ಒತ್ತುತ್ತದೆ. ಮರಿಗಳನ್ನು ಉಳಿಸಿದ್ದು ಹುದುಗುವಿಕೆಯೋ ಮಲದ ಮೃದುತ್ವವೋ? ಸುಲಭವಾಗಿ ಹುದುಗುವ ಬೀಟ್ ಗಡ್ಡೆಯ ಹಿಪ್ಪೆ ಒಂದು ಗುಂಪಿಗೆ, ಅಷ್ಟಾಗಿ ಹುದುಗದ ಹೊಟ್ಟು ಇನ್ನೊಂದಕ್ಕೆ ಕೊಟ್ಟು, ಹೆರಿಗೆಯ ವೇಳೆಯ ರಕ್ತದಲ್ಲಿ ಅಸಿಟೇಟ್ ಅಳೆದರೆ ಇವೆರಡನ್ನೂ ಬಿಡಿಸಬಹುದು.

ಕರುಳಿನಾಚೆ, ಯೋನಿಯ ಸೂಕ್ಷ್ಮಾಣುಗಳ ವಿಚಾರದಲ್ಲಿ ಮನುಷ್ಯರ ಮಾದರಿಯನ್ನು ಹಂದಿಗೆ ತೊಡಿಸುವುದು ತಪ್ಪು. ಮಹಿಳೆಯರಲ್ಲಿ ಸಾಮಾನ್ಯವಾಗಿ ಲ್ಯಾಕ್ಟೊಬ್ಯಾಸಿಲಸ್ ಮೇಲುಗೈ ಪಡೆದು ಆಮ್ಲೀಯತೆ ಕಾಯುತ್ತದೆ. ಹಂದಿಯಲ್ಲಿ ಅದರ ಪಾಲು ಕಡಿಮೆ, ಸಮುದಾಯ ಹೆಚ್ಚು ವೈವಿಧ್ಯಮಯ.

ಕರ್ನಾಟಕದಲ್ಲಿ ಹೋಟೆಲುಗಳ ಮಿಕ್ಕ ಅನ್ನ ಸಾಂಬಾರು ಹಾಕಿ ಹಂದಿ ಸಾಕುವವರು ಬಹಳ. ಆ ಮೇವಿನಲ್ಲಿ ಪಿಷ್ಟ ಹೆಚ್ಚು, ನಾರು ಕಡಿಮೆ. ಡೆನ್ಮಾರ್ಕಿನ ಅಂಕಿಗಳನ್ನು ಇಲ್ಲಿಗೆ ಹಾಗೇ ತಂದು ಕೂರಿಸಲಾಗದು. ನಮ್ಮ ದೊಡ್ಡಿಗಳಲ್ಲಿ ಮೊದಲು ಬರೆದಿಡಬೇಕಾದದ್ದು ಕೊನೆಯ ಮೇವಿಗೂ ಮೊದಲ ಮರಿಗೂ ನಡುವಿನ ಗಂಟೆಗಳನ್ನು.