ಗ್ರ್ಯಾಂಡ್‌ಮಾಸ್ಟರ್ vs ಚೆಸ್ ಕಂಪ್ಯೂಟರ್: ಅಂತರ ಎಷ್ಟು? ಇಲ್ಲಿದೆ ವಿವರ

2024ರ ಡಿಸೆಂಬರ್ 12, ಸಿಂಗಾಪುರ. ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ 14ನೇ ಹಾಗೂ ಕೊನೆಯ ಗೇಮ್. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಚೆನ್ನೈನ ಡಿ. ಗುಕೇಶ್‌ಗೆ ಅದು ಗೊತ್ತಾಗಲು ಕೆಲ ಕ್ಷಣ ಬೇಕಾಯಿತು. ಆದರೆ ಮೊಬೈಲ್‌ನಲ್ಲಿ ಪಂದ್ಯ ನೋಡುತ್ತಿದ್ದವರಿಗೆ ಆಗಲೇ ತಿಳಿದಿತ್ತು. ಯಾರದ್ದು ಮೇಲುಗೈ ಎಂದು ತೋರಿಸುವ ಎಂಜಿನ್‌ನ ಕಪ್ಪು-ಬಿಳಿ ಪಟ್ಟಿ ಪರದೆಯ ಮೇಲಿತ್ತು.

ಹಾಗಾದರೆ ಕೈಯಲ್ಲಿರುವ ಫೋನ್ ವಿಶ್ವ ಚಾಂಪಿಯನ್‌ಗಿಂತ ಚೆನ್ನಾಗಿ ಆಡುತ್ತದೆಯೇ? ಹೌದು, ಅದೂ ಬಹಳ ವರ್ಷಗಳಿಂದ.

ಪೈಪೋಟಿ ಮುಗಿದದ್ದು ಯಾವಾಗ?

1996ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರನ್ನು ಗ್ಯಾರಿ ಕ್ಯಾಸ್ಪರೋವ್ 4-2ರಿಂದ ಸೋಲಿಸಿದ್ದರು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಅದೇ ಕಂಪ್ಯೂಟರ್ 3.5-2.5ರಿಂದ ಗೆದ್ದಿತು. 2002ರಲ್ಲಿ ಬಹ್ರೇನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಮತ್ತು ಡೀಪ್ ಫ್ರಿಟ್ಜ್ ನಡುವಿನ ಪಂದ್ಯ 4-4ರಿಂದ ಸಮನಾಯಿತು. 2006ರಲ್ಲಿ ಬಾನ್‌ನಲ್ಲಿ ಕ್ರಾಮ್ನಿಕ್ 2-4ರಿಂದ ಸೋತರು. ಒಂದು ಗೇಮ್‌ನಲ್ಲಂತೂ ಒಂದೇ ನಡೆಯ ಚೆಕ್‌ಮೇಟ್ ಅವರ ಕಣ್ಣಿಗೆ ಬೀಳಲಿಲ್ಲ. ಅಲ್ಲಿಗೆ ಇಂಥ ಪಂದ್ಯಗಳ ಕುತೂಹಲವೇ ತಣ್ಣಗಾಯಿತು.

ಅಂತರ ಎಷ್ಟು?

ಮನುಷ್ಯರಲ್ಲಿ ಅತಿ ಹೆಚ್ಚು ರೇಟಿಂಗ್ ಪಡೆದವರು ಮ್ಯಾಗ್ನಸ್ ಕಾರ್ಲ್‌ಸನ್. 2014ರಲ್ಲಿ ಅವರು 2882 ತಲುಪಿದ್ದರು. ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ ಎಂಜಿನ್‌ಗೆ ಎಂಜಿನ್ ಪಟ್ಟಿಗಳಲ್ಲಿ 3500ಕ್ಕೂ ಹೆಚ್ಚು ರೇಟಿಂಗ್ ಇದೆ. 400 ಅಂಕಗಳ ಅಂತರವಿದ್ದರೆ, ಬಲಶಾಲಿ ಆಟಗಾರ 100 ಗೇಮ್‌ಗಳಲ್ಲಿ ಸುಮಾರು 91 ಪಾಯಿಂಟ್ ಗಳಿಸಬೇಕೆಂಬುದು ಲೆಕ್ಕ.

ಆದರೆ ಎಂಜಿನ್‌ಗಳ ರೇಟಿಂಗ್ ಅವು ತಮ್ಮತಮ್ಮಲ್ಲೇ ಆಡಿ ಗಳಿಸಿದ್ದು. ಹೀಗಾಗಿ ಎರಡೂ ಸಂಖ್ಯೆಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಅಂತರ ದೊಡ್ಡದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಈಗ ಎಂಜಿನ್‌ನ ಒಂದು ಕುದುರೆಯನ್ನು ಮೊದಲೇ ತೆಗೆದಿಟ್ಟು ಗ್ರ್ಯಾಂಡ್‌ಮಾಸ್ಟರ್‌ಗಳು ಅದರೊಂದಿಗೆ ಆಡುವುದೂ ಉಂಟು.

ಎಂಜಿನ್ ಬಲ ಎಲ್ಲಿಂದ ಬಂತು?

ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. 2017ರಲ್ಲಿ ಬಂದ ಆಲ್ಫಾಝೀರೋ ಆಟದ ನಿಯಮಗಳನ್ನಷ್ಟೇ ತಿಳಿದು, ತನ್ನೊಂದಿಗೇ ತಾನು ಆಡಿ ಕಲಿಯಿತು. ಸ್ಟಾಕ್‌ಫಿಶ್ ವಿರುದ್ಧದ 100 ಗೇಮ್‌ಗಳಲ್ಲಿ ಅದು 28 ಗೆದ್ದು, 72 ಡ್ರಾ ಮಾಡಿಕೊಂಡಿತು. 2020ರಲ್ಲಿ ಸ್ಟಾಕ್‌ಫಿಶ್ ಕೂಡ ನ್ಯೂರಲ್ ನೆಟ್‌ವರ್ಕ್ ಅಳವಡಿಸಿಕೊಂಡಿತು.

ಆಟಗಾರರಿಗೆ ಲಾಭವೋ, ನಷ್ಟವೋ?

ಎರಡೂ. ಆರಂಭದ ನಡೆಗಳ ತಯಾರಿಗೆ ಇಂದು ಎಲ್ಲ ಗ್ರ್ಯಾಂಡ್‌ಮಾಸ್ಟರ್‌ಗಳೂ ಎಂಜಿನ್ ಬಳಸುತ್ತಾರೆ. ಸಣ್ಣ ಊರಿನ ಮಕ್ಕಳಿಗೂ ಅದೇ ಎಂಜಿನ್ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಒಂದು ಫೋನ್ ಇದ್ದರೆ ಮೋಸವೂ ಸುಲಭ. ಅದಕ್ಕೇ ಟೂರ್ನಿಗಳಲ್ಲಿ ಆಟಗಾರರು ಫೋನ್ ಇಟ್ಟುಕೊಳ್ಳುವಂತಿಲ್ಲ.

ಪಂದ್ಯ ನೋಡುವಾಗ ಒಂದು ವಿಷಯ ನೆನಪಿರಲಿ. ಪಟ್ಟಿ ಯಾರು ಮುಂದಿದ್ದಾರೆ ಎಂದಷ್ಟೇ ಹೇಳುತ್ತದೆ. ಆ ನಡೆ ಹುಡುಕುವುದು ಎಷ್ಟು ಕಷ್ಟ ಎಂದು ಹೇಳುವುದಿಲ್ಲ. ಡಿಂಗ್ ತಪ್ಪಿದ್ದು ಗಂಟೆಗಟ್ಟಲೆ ಆಡಿದ ಮೇಲೆ, ವಿಶ್ವ ಪಟ್ಟದ ಒತ್ತಡದಲ್ಲಿ. ಎಂಜಿನ್‌ಗೆ ಆಯಾಸವೂ ಇಲ್ಲ, ಸೋಲುವ ಭಯವೂ ಇಲ್ಲ.