ಗಾಜಿನ ಪೆಟ್ಟಿಗೆಯಲ್ಲಿ ಜೇಡ: ಟ್ಯಾರಂಟುಲಾ ಮನೆಯ ಇನ್ನೂರು ವರ್ಷದ ಕಥೆ

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಪೆಟ್ಟಿಗೆಯ ಇತಿಹಾಸ ಇದೆ, ಅದರೊಳಗೆ ಒಂದು ಜೇಡ ಇದೆ. ಜೇಡ ಅಂದ್ರೆ ಮೈ ಜುಂ ಅನ್ನೋರು ಕೂಡ ಭಯಪಡದೆ ಕೇಳಬಹುದು.

1990ರಲ್ಲಿ ಬಂದ ‘ಹೋಮ್ ಅಲೋನ್’ ಸಿನಿಮಾವನ್ನು ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಕೆವಿನ್ ಅನ್ನೋ ಹುಡುಗ ಅಣ್ಣನ ಕೋಣೆಯ ಶೆಲ್ಫ್ ಹತ್ತೋಕೆ ಹೋಗ್ತಾನೆ, ಶೆಲ್ಫ್ ಕುಸಿದು ಬೀಳುತ್ತೆ, ಅಣ್ಣ ಸಾಕಿದ್ದ ದೊಡ್ಡ ಕೂದಲು ಜೇಡ ತಪ್ಪಿಸಿಕೊಳ್ಳುತ್ತೆ. ಅದೇ ಟ್ಯಾರಂಟುಲಾ. ಎಲ್ಲರೂ ನಗ್ತಾರೆ, ನಾನೂ ನಕ್ಕಿದ್ದೆ. ಆದರೆ ಈ ಕಂತಿಗಾಗಿ ಓದ್ತಾ ಹೋದ ಹಾಗೆ ನನಗೆ ಬೇರೆಯದೇ ಪ್ರಶ್ನೆ ಬಂತು: ಕಾಡಿನಲ್ಲಿ ಬಿಲ ತೋಡಿಕೊಂಡು, ಇಲ್ಲವೇ ಮರದ ಪೊಟರೆಯಲ್ಲಿ ಅಡಗಿಕೊಂಡು ಬದುಕೋ ಪ್ರಾಣಿ ಗಾಜಿನ ಪೆಟ್ಟಿಗೆಯೊಳಗೆ ಬಂದದ್ದು ಹೇಗೆ? ಆ ಪೆಟ್ಟಿಗೆಯನ್ನು ಯಾರಿಗಾಗಿ ಮಾಡಿದ್ದು?

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಟ್ಯಾರಂಟುಲಾ ಅನ್ನೋ ಪದ ಇಟಲಿಯ ದಕ್ಷಿಣದಲ್ಲಿರೋ ತಾರಾಂತೊ ಊರಿಂದ ಬಂದದ್ದು. ಅಲ್ಲಿ ಆ ಹೆಸರಿದ್ದದ್ದು ಬೇರೆ ಜಾತಿಯ, ಬೇಟೆಯ ಹಿಂದೆ ಓಡೋ ಒಂದು ಜೇಡಕ್ಕೆ. ಅದು ಕಚ್ಚಿದರೆ ಕುಣಿದು ಕುಣಿದು ವಿಷ ಇಳಿಸಬೇಕು ಅಂತ ಜನ ನಂಬಿದ್ರು. ಯುರೋಪಿನವರು ಅಮೆರಿಕ ಖಂಡಕ್ಕೆ ಹೋದಾಗ ಅಲ್ಲಿ ಕಂಡ ದೊಡ್ಡ, ಮೈತುಂಬ ಕೂದಲಿರೋ ಜೇಡಗಳಿಗೂ ಅದೇ ಹೆಸರು ಅಂಟಿಸಿದ್ರು. ಹೆಸರು ಅಲ್ಲೇ ಉಳೀತು.

ಈ ಜೇಡವನ್ನು ಯುರೋಪಿಗೆ ಪರಿಚಯಿಸಿದವರಲ್ಲಿ ಒಬ್ಬ ಹೆಣ್ಣುಮಗಳು ಮುಖ್ಯ. ಮರಿಯಾ ಸಿಬಿಲ್ಲಾ ಮೇರಿಯನ್. 1699ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮಗಳನ್ನು ಕರ್ಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಹುಳಗಳನ್ನು ಪೆಟ್ಟಿಗೆಯಲ್ಲಿ ಸಾಕಿ, ಅವು ಬೆಳೆಯೋದನ್ನು ನೋಡಿ ನೋಡಿ ಚಿತ್ರ ಬರೆಯೋದು ಅವಳ ಕೆಲಸ. 1705ರಲ್ಲಿ ಬಂದ ಅವಳ ಪುಸ್ತಕದಲ್ಲಿ ಸೀಬೆ ಕೊಂಬೆಯ ಮೇಲೆ ಕೂತ ದೊಡ್ಡ ಜೇಡವೊಂದು ಪುಟ್ಟ ಹಕ್ಕಿಯನ್ನು ತಿನ್ನೋ ಚಿತ್ರ ಇದೆ. ಆ ಚಿತ್ರದಿಂದಲೇ ‘ಹಕ್ಕಿ ತಿನ್ನುವ ಜೇಡ’ ಅನ್ನೋ ಮಾತು ಹುಟ್ಟಿತು. 1758ರಲ್ಲಿ ಲಿನೇಯಸ್ ವೈಜ್ಞಾನಿಕ ಹೆಸರು ಇಡುವಾಗಲೂ ‘ಅವಿಕ್ಯುಲೇರಿಯಾ’ ಅಂತ ಹಕ್ಕಿಯ ಅರ್ಥವನ್ನೇ ಸೇರಿಸಿದ.

ಮುಂದಿನ ಶತಮಾನದ ಕೆಲವು ವಿದ್ವಾಂಸರು ಇದನ್ನು ನಂಬಲಿಲ್ಲ, ಮೇರಿಯನ್ ಕಟ್ಟುಕಥೆ ಬರೆದಿದ್ದಾಳೆ ಅಂದ್ರು. 1863ರಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ತನ್ನ ಅಮೆಜಾನ್ ಪ್ರವಾಸದ ಪುಸ್ತಕದಲ್ಲಿ, ದೊಡ್ಡ ಜೇಡವೊಂದು ಎರಡು ಪುಟ್ಟ ಹಕ್ಕಿಗಳನ್ನು ಹಿಡಿದಿದ್ದನ್ನು ಕಣ್ಣಾರೆ ಕಂಡೆ ಅಂತ ಬರೆದ ಮೇಲೆ ಅವಳ ಮಾತಿಗೆ ಬೆಲೆ ಬಂತು. ಅದೇ ಪುಸ್ತಕದಲ್ಲಿ ಇನ್ನೊಂದು ವಿಷಯ ಇದೆ. ಸ್ಥಳೀಯ ಮೂಲನಿವಾಸಿ ಕುಟುಂಬವೊಂದರ ಮಕ್ಕಳು ಇಂಥ ಜೇಡದ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ಕರ್ಕೊಂಡು ಹೋಗೋ ಹಾಗೆ ಮನೆಯೊಳಗೆ ಓಡಾಡಿಸ್ತಾ ಇದ್ರಂತೆ. ಟ್ಯಾರಂಟುಲಾವನ್ನು ಮನುಷ್ಯರು ಮನೆಯಲ್ಲಿ ಇಟ್ಟುಕೊಂಡ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಪೆಟ್ಟಿಗೆಯೇ ಇಲ್ಲ, ಬರೀ ದಾರ!

ಈಗ ಪೆಟ್ಟಿಗೆಗೆ ಬರೋಣ. 1829, ಲಂಡನ್. ನಥಾನಿಯಲ್ ವಾರ್ಡ್ ಅನ್ನೋ ವೈದ್ಯ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಹಾಕಿದ. ಪತಂಗ ಹೊರಬರೋದನ್ನು ನೋಡಬೇಕು ಅನ್ನೋದು ಅವನ ಆಸೆ. ಆದರೆ ಕಣ್ಣಿಗೆ ಬಿದ್ದದ್ದು ಬೇರೆ: ಆ ಮಣ್ಣಲ್ಲಿ ಒಂದು ಜರಿಗಿಡ, ಒಂದಿಷ್ಟು ಹುಲ್ಲು ಚಿಗುರಿದ್ವು. ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಅವನ ತೋಟದ ಜರಿಗಿಡಗಳೆಲ್ಲ ಸಾಯ್ತಾ ಇದ್ದಾಗ, ಬಾಟಲಿಯೊಳಗಿನದು ಸುಮಾರು ನಾಲ್ಕು ವರ್ಷ ಬದುಕಿತು. ಹಗಲು ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳೀತಿತ್ತು.

ವಾರ್ಡ್ ಅದನ್ನೇ ದೊಡ್ಡದಾಗಿ, ಮರದ ಚೌಕಟ್ಟಿಗೆ ಗಾಜು ಕೂರಿಸಿ ಮಾಡಿಸಿದ. 1833ರಲ್ಲಿ ಎರಡು ಪೆಟ್ಟಿಗೆ ಗಿಡಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳಿಸಿದ, ಗಿಡಗಳು ಜೀವಂತ ತಲುಪಿದ್ವು. ಮುಂದೆ ಚೀನಾದಿಂದ ಭಾರತಕ್ಕೆ ಸಾವಿರಾರು ಚಹಾ ಸಸಿಗಳು ಬಂದದ್ದು ಇಂಥ ‘ವಾರ್ಡಿಯನ್ ಕೇಸ್’ಗಳಲ್ಲೇ. ನಾವು ಬೆಳಗ್ಗೆ ಕುಡಿಯೋ ಟೀ ಹಿಂದೆಯೂ ಆ ಗಾಜಿನ ಪೆಟ್ಟಿಗೆಯ ನೆರಳಿದೆ.

1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೀತು. ಗಾಜು ಅಗ್ಗವಾಯ್ತು. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗಾಗಿ ಮೀನಿನ ಮನೆ ತೆರೀತು. ನಡುಮನೆಯಲ್ಲಿ ಅಕ್ವೇರಿಯಂ ಇಡೋದು ಫ್ಯಾಷನ್ ಆಯ್ತು. ಇಲ್ಲಿ ಒಂದು ವಿಷಯ ಗಮನಿಸಿ. ವಾರ್ಡ್ ಪೆಟ್ಟಿಗೆ ಗಿಡಕ್ಕಾಗಿ ಆದದ್ದು: ಮುಚ್ಚಿದ್ದು, ತೇವದ್ದು. ಅಕ್ವೇರಿಯಂ ಮೀನಿಗಾಗಿ ಆದದ್ದು: ಎತ್ತರದ್ದು, ಮೇಲಿಂದ ತೆರೆಯೋದು. ಎರಡೂ ನೋಡುವವರ ಕಣ್ಣಿಗೆ ಹಬ್ಬ. ಜೇಡದ ಬಗ್ಗೆ ಆಗ ಯಾರೂ ಯೋಚನೆ ಮಾಡಿರಲಿಲ್ಲ.

ಜೇಡದ ಬದುಕನ್ನು ತಾಳ್ಮೆಯಿಂದ ನೋಡಿದವರು ಇಪ್ಪತ್ತನೇ ಶತಮಾನದಲ್ಲಿ ಬಂದರು. ಅಮೆರಿಕದ ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ವಿಲಿಯಂ ಬೇರ್ಗ್ ದಶಕಗಳ ಕಾಲ ಟ್ಯಾರಂಟುಲಾಗಳನ್ನು ಸಾಕಿ ಅಭ್ಯಾಸ ಮಾಡಿದ, 1958ರಲ್ಲಿ ಅವುಗಳ ಬಗ್ಗೆ ಪುಸ್ತಕ ಬರೆದ. ಹೆಣ್ಣು ಟ್ಯಾರಂಟುಲಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು ಅಂತ ಗೊತ್ತಾಗಿದ್ದು ಇಂಥ ಕೆಲಸದಿಂದ. ಇಪ್ಪತ್ತು ವರ್ಷ! ಹೈಸ್ಕೂಲಿನಲ್ಲಿ ಇರುವಾಗ ತಂದ ಜೇಡ ನಿಮ್ಮ ಮದುವೆ ಊಟದ ದಿನವೂ ಇರಬಹುದು.

ಆದರೆ ಸಾಕು ಪ್ರಾಣಿಗಳ ಅಂಗಡಿಗೆ ಆ ತಿಳಿವಳಿಕೆ ತಡವಾಗಿ ತಲುಪಿತು. 1970, 80ರ ದಶಕದಲ್ಲಿ ಮೆಕ್ಸಿಕೊದ ಕೆಂಪು ಮಂಡಿಯ ಟ್ಯಾರಂಟುಲಾ ಬಹಳ ಜನಪ್ರಿಯವಾಯ್ತು. ಕಪ್ಪು ಮೈ, ಕಾಲಿನ ಗಂಟುಗಳಲ್ಲಿ ಕಿತ್ತಳೆ ಬಣ್ಣ, ಸಿಟ್ಟು ಕಡಿಮೆ. ಕಾಡಿನಿಂದಲೇ ಹಿಡಿದು ತರ್ತಿದ್ರು. ಮನೆಯಲ್ಲಿ ಅದಕ್ಕೆ ಸಿಗ್ತಿದ್ದದ್ದು ಹಳೆಯ ಮೀನಿನ ತೊಟ್ಟಿ, ತಳದಲ್ಲಿ ಎರಡು ಬೆರಳು ಜಲ್ಲಿಕಲ್ಲು, ಮೇಲೆ ಲೋಹದ ಜಾಲರಿ ಮುಚ್ಚಳ, ನೀರಿನ ತಟ್ಟೆಯಲ್ಲಿ ಒಂದು ಸ್ಪಂಜು, ಪಕ್ಕದಲ್ಲಿ ಹಲ್ಲಿಗಳಿಗಾಗಿ ಮಾಡಿದ ಬಿಸಿ ಕಲ್ಲು.

ಇದರಲ್ಲಿ ಒಂದೊಂದೂ ಯಾಕೆ ತೊಂದರೆ ಅಂತ ಹೇಳ್ತೀನಿ. ನೆಲದ ಮೇಲೆ ಬದುಕೋ ಟ್ಯಾರಂಟುಲಾದ ಹೊಟ್ಟೆ ಭಾಗ ನೀರು ತುಂಬಿದ ಬಲೂನಿನ ಹಾಗೆ. ಎತ್ತರದ ತೊಟ್ಟಿಯ ಗಾಜು ಹತ್ತಿ, ಜಾರಿ ಕಲ್ಲಿನ ಮೇಲೆ ಬಿದ್ದರೆ ಅದು ಒಡೆದೇ ಹೋಗಬಹುದು. ಜಾಲರಿಯಲ್ಲಿ ಅದರ ಕಾಲಿನ ಉಗುರು ಸಿಕ್ಕಿಕೊಳ್ಳುತ್ತೆ. ಜೇಡಕ್ಕೆ ಸ್ಪಂಜು ಬೇಕಾಗಿಲ್ಲ, ಅದು ತಟ್ಟೆಯಿಂದ ನೇರವಾಗಿ ನೀರು ಕುಡಿಯುತ್ತೆ. ಸ್ಪಂಜಲ್ಲಿ ಕೊಳೆ, ಬ್ಯಾಕ್ಟೀರಿಯಾ ಸೇರುತ್ತೆ ಅಷ್ಟೇ. ಬಿಸಿ ಕಲ್ಲು ಮೈಯ ನೀರಿನ ಅಂಶ ಒಣಗಿಸುತ್ತೆ. ಜಲ್ಲಿಯಲ್ಲಿ ಬಿಲ ತೋಡೋಕೆ ಆಗಲ್ಲ. ಇನ್ನೊಂದು ತಪ್ಪು ಕಲ್ಪನೆ: ದೂರದ ದೇಶದ ಪ್ರಾಣಿ ಅಂದ್ರೆ ಮಳೆಕಾಡಿನದು ಅಂತ ದಿನಾ ನೀರು ಚಿಮುಕಿಸೋದು. ಆದರೆ ಕೆಂಪು ಮಂಡಿಯ ಜೇಡ ಮೆಕ್ಸಿಕೊದ ಪೆಸಿಫಿಕ್ ಕರಾವಳಿ ಕಡೆಯದು. ಅಲ್ಲಿ ತಿಂಗಳುಗಟ್ಟಲೆ ಒಣಹವೆ ಇರುತ್ತೆ.

ಪೆಟ್ಟಿಗೆ ಸರಿ ಇಲ್ಲದೆ ಒಂದು ಜೇಡ ಸತ್ತರೆ, ಅಂಗಡಿಯಿಂದ ಇನ್ನೊಂದು ಬರುತ್ತೆ. ಅದು ಕಾಡಿನಿಂದ ಬರುತ್ತೆ. ಬೆಳೆದು ಮರಿ ಮಾಡೋ ವಯಸ್ಸಿಗೆ ಬರೋಕೆ ಈ ಜೇಡಕ್ಕೆ ವರ್ಷಗಳೇ ಬೇಕು. ಹೀಗೆ ಹಿಡೀತಾ ಹೋದರೆ ಏನಾಗುತ್ತೆ ಅಂತ ಊಹಿಸಬಹುದು. 1985ರಲ್ಲಿ ಈ ಜೇಡವನ್ನು ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ರು. ಅಂದ್ರೆ, ಅನುಮತಿ ಪತ್ರ ಇಲ್ಲದೆ ದೇಶದ ಗಡಿ ದಾಟಿಸೋ ಹಾಗಿಲ್ಲ.

ಕಾಡಿನಿಂದ ತರೋದು ಕಷ್ಟವಾದ ಮೇಲೆ ಮನೆಯಲ್ಲೇ ಮರಿ ಮಾಡಿಸೋದು ಮುಖ್ಯವಾಯ್ತು. ಮರಿ ಮಾಡಿಸಬೇಕು ಅಂದ್ರೆ ಜೇಡ ಬರೀ ಉಸಿರಾಡ್ತಾ ಇದ್ದರೆ ಸಾಲದು, ನೆಮ್ಮದಿಯಾಗಿ ಇರಬೇಕು. 1984ರಲ್ಲಿ ಬ್ರಿಟನ್ನಿನ ಸಾಕುವವರು ಬ್ರಿಟಿಷ್ ಟ್ಯಾರಂಟುಲಾ ಸೊಸೈಟಿ ಕಟ್ಟಿಕೊಂಡ್ರು. 1998ರಲ್ಲಿ ಷುಲ್ಟ್ಸ್ ದಂಪತಿಯ ‘ದಿ ಟ್ಯಾರಂಟುಲಾ ಕೀಪರ್ಸ್ ಗೈಡ್’ ಬಂದು ಬಹಳ ಜನರ ಕೈಪಿಡಿ ಆಯ್ತು. ಕ್ರಮೇಣ ಪೆಟ್ಟಿಗೆಯ ಬಗ್ಗೆ ಕೇಳೋ ಪ್ರಶ್ನೆಯೇ ಬದಲಾಯ್ತು. ‘ಚೆನ್ನಾಗಿ ಕಾಣುತ್ತಾ?’ ಅನ್ನೋ ಜಾಗದಲ್ಲಿ ‘ಈ ಜೇಡ ಕಾಡಲ್ಲಿ ಎಲ್ಲಿರುತ್ತೆ?’ ಅಂತ ಕೇಳೋಕೆ ಶುರು ಮಾಡಿದ್ರು.

ಅದಕ್ಕೆ ಸಿಕ್ಕ ಉತ್ತರ ಮೂರು. ನೆಲದ ಮೇಲಿನ ಜೇಡಕ್ಕೆ ಅಗಲವಾದ, ತಗ್ಗಾದ ಪೆಟ್ಟಿಗೆ: ಉದ್ದ ಅದರ ಕಾಲು ಚಾಚಿನ ಮೂರು ಪಟ್ಟು, ಅಗಲ ಎರಡು ಪಟ್ಟು ಇದ್ದರೆ ಸಾಕು. ಮಣ್ಣಿನಿಂದ ಮುಚ್ಚಳದವರೆಗಿನ ಎತ್ತರ ಕಾಲು ಚಾಚಿನ ಒಂದೂವರೆ ಪಟ್ಟಿಗಿಂತ ಹೆಚ್ಚಿರಬಾರದು, ಬಿದ್ದರೂ ಪೆಟ್ಟಾಗಬಾರದಲ್ಲ. ಬಿಲದ ಜೇಡಕ್ಕೆ ಪೆಟ್ಟಿಗೆಯ ಬಹುಪಾಲು ಮಣ್ಣೇ ತುಂಬಬೇಕು. ಮರದ ಜೇಡಕ್ಕೆ ಎತ್ತರದ ಪೆಟ್ಟಿಗೆ, ನೆಟ್ಟಗೆ ನಿಲ್ಲಿಸಿದ ತೊಗಟೆ, ಎರಡು ಬದಿಯಿಂದ ಗಾಳಿ. ಎಲ್ಲದಕ್ಕೂ ಅಡಗೋಕೆ ಒಂದು ಜಾಗ, ಒಂದು ತಟ್ಟೆ ನೀರು. ಇದಕ್ಕೆ ದುಬಾರಿ ಗಾಜು ಬೇಕಿಲ್ಲ, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೂ ಆಗುತ್ತೆ. ಜೇಡಕ್ಕೆ ಎಂಟು ಕಣ್ಣಿದ್ರೂ ದೃಷ್ಟಿ ಮಂದ. ಅದು ಲೋಕವನ್ನು ತಿಳ್ಕೊಳ್ಳೋದು ಕಾಲಿಗೆ ತಾಗೋ ಕಂಪನದಿಂದ.

ಈ ಕಥೆಯಲ್ಲಿ ನಮ್ಮ ಕಡೆಯ ಎಳೆಗಳೂ ಇವೆ. ಇವತ್ತು ಜಗತ್ತಿನ ಎಷ್ಟೋ ಟ್ಯಾರಂಟುಲಾ ಪೆಟ್ಟಿಗೆಗಳ ತಳದಲ್ಲಿ ಇರೋದು ತೆಂಗಿನ ನಾರಿನ ಪುಡಿ, ಕೊಕೊಪೀಟ್. ಅದು ಹೆಚ್ಚಾಗಿ ಹೋಗೋದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಿಂದ. ನಮ್ಮ ಹಿತ್ತಲಲ್ಲಿ ಸೌದೆ ಜೊತೆ ಬಿದ್ದಿರೋ ಸಿಪ್ಪೆ ಅಲ್ಲಿ ಮೆಕ್ಸಿಕೊದ ಜೇಡಕ್ಕೆ ನೆಲ!

ನಮ್ಮಲ್ಲೇ ಟ್ಯಾರಂಟುಲಾಗಳಿವೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಪಶ್ಚಿಮ ಘಟ್ಟದ ನೆಲದಲ್ಲಿ ಬಿಲ ತೋಡೋ ಜಾತಿಗಳಿವೆ, ಮರದ ಪೊಟರೆಯಲ್ಲಿ ಇರೋ ಪೊಸಿಲೊಥೀರಿಯಾ ಕುಲದವೂ ಇವೆ. ಬ್ರಿಟಿಷ್ ಮ್ಯೂಸಿಯಂನ ರೆಜಿನಾಲ್ಡ್ ಪೋಕಾಕ್ 1895ರಲ್ಲಿ ವಿವರಿಸಿದ ಒಂದು ಜೇಡವನ್ನು ಹವ್ಯಾಸಿಗಳು ಇವತ್ತಿಗೂ ‘ಮೈಸೂರು ಆರ್ನಮೆಂಟಲ್’ ಅಂತಾರೆ. 1899ರಲ್ಲಿ ಅವನೇ ವಿವರಿಸಿದ ಇನ್ನೊಂದು, ನೀಲಿ ಬಣ್ಣದ ಅಪರೂಪದ ಜೇಡ ಸಿಕ್ಕಿದ್ದು ನಮ್ಮ ಬಳ್ಳಾರಿಯ ಆಚೆ, ಆಂಧ್ರದ ಗುತ್ತಿಯಲ್ಲಿ, ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ಸುಮಾರು ನೂರು ಕಿಲೋಮೀಟರ್ ದೂರದ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ. ಮೊದಲಿನದು ದಿಮ್ಮಿಯೊಳಗೆ ಕೂತು ರೈಲಿನಲ್ಲಿ ಬಂದಿರಬೇಕು ಅನ್ನೋದು ಈಗಿನ ಊಹೆ. ‘ಗುತ್ತಿಯ ಜೇಡ’ ಅನ್ನೋ ಹೆಸರು ನಂಬಿ, ಅಲ್ಲಿನ ಬಿಸಿಲು, ಬಂಡೆ ನೋಡಿ ಮನೆ ಕಟ್ಟಿದ್ರೆ ತಪ್ಪಾಗ್ತಿತ್ತು. ಅದು ಮರದ ಜೇಡ.

ಆ ಮರಗಳೇ ಈಗ ಕಡಿಮೆ. 2008ರಲ್ಲಿ ಅದನ್ನು ಅಳಿವಿನ ಅಂಚಿನ ತೀವ್ರ ಅಪಾಯದ ಪಟ್ಟಿಗೆ ಸೇರಿಸಿದ್ರು. 2019ರಲ್ಲಿ ಪೊಸಿಲೊಥೀರಿಯಾ ಕುಲ ಪೂರ್ತಿ ಸೈಟ್ಸ್‌ನ ಎರಡನೇ ಪಟ್ಟಿಗೆ ಬಂತು. ಆದರೆ ವಿದೇಶಗಳಲ್ಲಿ ಸಾವಿರಾರು ಮೈಲಿ ದೂರದ ಪೆಟ್ಟಿಗೆಗಳೊಳಗೆ ಅದು ಮರಿ ಹಾಕ್ತಾ ಇದೆ. ಇದು ಸಂತೋಷದ ಸುದ್ದಿಯಾ, ಬೇಸರದ್ದಾ ಅಂತ ನನಗೆ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ. ಮರಿಗಳು ಮನೆಯಲ್ಲಿ ಸಿಗೋದರಿಂದ ಕಾಡಿಗೆ ಕೈ ಹಾಕೋರು ಕಡಿಮೆ ಆಗಬಹುದು. ಆದರೆ ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ರೂ ಕಡಿದ ಮರ ಅದರಿಂದ ವಾಪಸ್ ಬರಲ್ಲ.

ಹಾಗಾಗಿ, ಟ್ಯಾರಂಟುಲಾ ಸಾಕೋಕೆ ಯಾವ ಪೆಟ್ಟಿಗೆ ತಗೋಬೇಕು ಅಂತ ಯೋಚಿಸ್ತಾ ಇರೋ ಗೆಳೆಯರಿಗೆ ನನ್ನ ಮಾತು ಇಷ್ಟು. ಘಟ್ಟಕ್ಕೆ ಟ್ರೆಕ್ಕಿಂಗ್ ಹೋದಾಗ ಪೊಟರೆಯಲ್ಲಿ ಜೇಡ ಕಂಡರೆ ಫೋಟೊ ತೆಗೀರಿ, ಅಲ್ಲೇ ಬಿಡಿ. ಮಾರೋರ ಹತ್ತಿರ ಹೋದರೆ, ಇದು ಸಾಕಿದ ತಾಯಿಯ ಮರಿಯಾ, ಕಾಗದ ಪತ್ರ ಎಲ್ಲಿ ಅಂತ ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಾದ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಪ್ರಕಾರ, ಸೈಟ್ಸ್ ಪಟ್ಟಿಯ ಜೀವಂತ ಪ್ರಾಣಿ ಇಟ್ಟುಕೊಂಡವರು ಅದನ್ನು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಆಮೇಲೆ ಆ ಜಾತಿ ಇರೋದು ನೆಲದಲ್ಲಾ, ಬಿಲದಲ್ಲಾ, ಮರದಲ್ಲಾ ಅಂತ ತಿಳ್ಕೊಳ್ಳಿ. ಡಬ್ಬಿ ಕೊಳ್ಳೋದು ಅದಾದ ಮೇಲೆ. ತಂದ ಮೊದಲ ವಾರ ಜೇಡ ಅಡಗಿಕೊಂಡು ಹೊರಗೇ ಬರದೆ ಇರಬಹುದು. ದುಡ್ಡು ಕೊಟ್ಟು ತಂದದ್ದು ಕಾಣ್ತಾನೇ ಇಲ್ಲವಲ್ಲ ಅಂತ ತೊಗಟೆ ಎತ್ತಿ ನೋಡಬೇಡಿ. ಅಡಗೋಕೆ ಜಾಗ ಸಿಕ್ಕಿದೆ ಅಂದ್ರೆ ಅದಕ್ಕೆ ಮನೆ ಸಿಕ್ಕಿದೆ ಅಂತ.